ಹೊರಗಿನವರಿಗೆ ಪ್ರವೇಶವಿಲ್ಲ

ಗೋಡೆಯ ಮೇಲೆ ಬೆಳಕಿನ ಗೆರೆಯೊಂದು ನಡುಗುತ್ತಿದೆ, ಪ್ರೊಜೆಕ್ಟರ್ ಬಿಸಿಯುಸಿರು ಬಿಡುತ್ತ ಅದನ್ನು ಹಿಡಿದುಕೊಂಡಿದೆ, ಪರದೆಯ ಸಂದಿನಿಂದ ಬಂದ ಮಧ್ಯಾಹ್ನದ ಬಿಸಿಲಲ್ಲಿ ಧೂಳು ತೇಲುತ್ತಿದೆ, ಆ ಧೂಳಿನಲ್ಲಿ ನಮ್ಮ ಚರ್ಮವೂ ಇದೆ ಎಂದು ಪ್ರತಿ ವರ್ಷ ಮೊದಲ ಪಾಠದಲ್ಲಿ ಹೇಳುತ್ತೇನೆ, ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಾರೆ — ಗೆರೆ ಮಟ್ಟಸವಾಗಿರಬೇಕಿತ್ತು. ಖಾಲಿ ಟ್ಯೂಬಿನ ಗೆರೆ. ಪ್ರತಿ ಡಿಎನ್‌ಎ ಪರೀಕ್ಷೆಯಲ್ಲೂ ಬರೀ ನೀರಿರುವ ಒಂದು ಟ್ಯೂಬನ್ನು ಉಳಿದವುಗಳ ಜೊತೆ ಕಳಿಸುತ್ತೇವೆ, ಅದರಲ್ಲಿ ಯಾರೂ ಸಿಗಬಾರದು, ಸಿಕ್ಕರೆ ನಮ್ಮ ಕೈ ಶುದ್ಧವಿಲ್ಲ ಎಂದರ್ಥ. ಸಿಕ್ಕಿದ್ದಾರೆ. ಗೆರೆಯ ಮೇಲೆ ಸಣ್ಣ ಸಣ್ಣ ಗುಡ್ಡಗಳೆದ್ದಿವೆ, ಸ್ಟಾಟಿಸ್ಟಿಕ್ಸ್ ಮೇಷ್ಟ್ರು ಪೆನ್ನಿನ ತುದಿಯಿಂದ ಒಂದೊಂದನ್ನೂ ಮುಟ್ಟುತ್ತಿದ್ದಾರೆ, ಹೆಂಗಸು ಮೇಡಂ, ಅನುಮಾನಾನೇ ಇಲ್ಲ, ನಮ್ಮ ಸ್ಟಾಫು, ಮಕ್ಕಳು, ಎಲ್ಲರ ಡಿಎನ್‌ಎ ಜೊತೆ ಹೋಲಿಸಿ ನೋಡ್ದೆ, ಒಬ್ಬರದ್ದೂ ಅಲ್ಲ, ಯಾರೋ ಹೊರಗಿನವಳು. ನಾನು ತೋಳಂಚನ್ನು ಎರಡು ಬೆರಳಲ್ಲಿ ಹಿಡಿದು ಕೆಳಕ್ಕೆ ಎಳೆದುಕೊಳ್ಳುತ್ತೇನೆ, ಅಮ್ಮನ ಕಂದು ಸ್ವೆಟರು, ನನಗೆ ತೋಳು ಗಿಡ್ಡ, ಅಮ್ಮ ನನಗಿಂತ ಗಿಡ್ಡ — ಗಿಡ್ಡ ಇದ್ದಳು ಅನ್ನಬೇಕು ಈಗ, ನಾಲಿಗೆಗೆ ಇನ್ನೂ ರೂಢಿಯಾಗಿಲ್ಲ.

ಹೊರಗಿನವಳು ಹೇಗೆ ಬರ್ತಾಳೆ ಸಾರ್, ಬೀಗದ ಕೈಯೆಲ್ಲ ನನ್ನ ಹತ್ರಾನೇ ಇರತ್ತೆ, ಇದು ಲ್ಯಾಬ್ ಮ್ಯಾನೇಜರ್, ಮಕ್ಕಳು ಬೆನ್ನ ಹಿಂದೆ ಇವಳನ್ನು ಗೊಂಚಲು ಎನ್ನುತ್ತಾರೆ, ಸೊಂಟದ ಬೀಗದ ಕೈಗಳು ಬರುವ ಮೊದಲೇ ಸದ್ದು ಮಾಡಿ ಎಲ್ಲರನ್ನೂ ಒಳ್ಳೆಯವರನ್ನಾಗಿಸುತ್ತವೆ, ಪಾಪ ಕೆಟ್ಟವಳಲ್ಲ, ಲ್ಯಾಬನ್ನು ಹೆತ್ತ ಮಗುವಿನಂತೆ ಕಾಯುತ್ತಾಳೆ — ನಿಜ ಹೇಳಮ್ಮ, ಟೆಸ್ಟ್ ಮಾಡಿದ ದಿನ ಯಾರಾದ್ರೂ ಫ್ರೆಂಡನ್ನ ಕರ್ಕೊಂಡು ಬಂದಿದ್ಯಾ. ಬಾಗಿಲ ಬಳಿ ಎರಡನೇ ವರ್ಷದ ಹುಡುಗಿ ನಿಂತಿದ್ದಾಳೆ, ಟ್ಯೂಬು ಅವಳದು, ಪ್ರಬಂಧ ಅವಳದು, ಕಣ್ಣು ಕೆಂಪಗಾಗಿದೆ, ಇಲ್ಲ ಮೇಡಂ, ನಮ್ಮಮ್ಮನಾಣೆ ಇಲ್ಲ. ಹೊರಗಿನವರನ್ನು ಒಳಗೆ ಬಿಟ್ಟವರಿಗೆ ಈ ಫೊರೆನ್ಸಿಕ್ ಕೋರ್ಸಿನಲ್ಲಿ ಜಾಗವಿಲ್ಲ, ನಿಯಮ ಬರೆದವಳು ನಾನೇ, ವಿಭಾಗದ ಮುಖ್ಯಸ್ಥೆ, ಮೇಜಿನ ಈ ತುದಿಯಲ್ಲಿ ಕುಳಿತವಳು, ಇನ್ನೇನು ಎಲ್ಲರೂ ನನ್ನ ಕಡೆ ತಿರುಗುತ್ತಾರೆ, ಅವಳನ್ನು ಕಳಿಸಿಬಿಡಲು ಒಂದು ಮಾತು ಸಾಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಬೆರಳು ಮತ್ತೆ ತೋಳಂಚಿಗೆ ಹೋಗುತ್ತದೆ.

ಏಕೆಂದರೆ ಗುಡ್ಡಗಳ ಕೆಳಗೆ ಸಂಖ್ಯೆಗಳಿವೆ, ನನ್ನ ಸಂಖ್ಯೆಗಳು ನನಗೆ ಬಾಯಿಪಾಠ, ಎಷ್ಟು ವರ್ಷ ಬೋರ್ಡಿನ ಮೇಲೆ ಉದಾಹರಣೆಗೆಂದು ನನ್ನನ್ನೇ ಬರೆದಿಲ್ಲ ನಾನು, ಪ್ರತಿ ಜಾಗದಲ್ಲೂ ಜೋಡಿ ಸಂಖ್ಯೆ ಕಣ್ರೋ, ಒಂದು ಅಮ್ಮನಿಂದ, ಒಂದು ಅಪ್ಪನಿಂದ — ನನ್ನದು ಹದಿನಾಲ್ಕು ಹದಿನೇಳು, ಗೋಡೆಯ ಮೇಲೆ ಹದಿನೇಳು ಹದಿನೆಂಟು. ನನ್ನದು ಎಂಟು ಹನ್ನೊಂದು, ಅಲ್ಲಿ ಹನ್ನೊಂದು ಹನ್ನೊಂದು. ಮೇಷ್ಟ್ರ ಕಂಪ್ಯೂಟರು ಪೂರ್ತಿ ಹೊಂದುವವರನ್ನು ಹುಡುಕಿತು, ಅರ್ಧ ಹೊಂದುವವರನ್ನು ಹುಡುಕು ಎಂದು ಅದಕ್ಕೆ ಯಾರೂ ಹೇಳಲಿಲ್ಲ. ಕೊನೆಯ ಗುಡ್ಡದ ತನಕ ಹೋಗಿ ಬಂದೆ, ಒಂದು ಜೋಡಿಯೂ ತಪ್ಪಿಲ್ಲ, ಎಲ್ಲದರಲ್ಲೂ ಒಂದು ನನ್ನದು, ಹಾಗೆ ಹೊಂದುವ ಹೆಂಗಸು ಒಂದೋ ಮಗಳು, ಇಲ್ಲ ತಾಯಿ. ನನಗೆ ಮಕ್ಕಳಿಲ್ಲ. ಅವತ್ತು ಈ ಹುಡುಗಿಯ ಪಕ್ಕ ನಿಂತಿದ್ದೆ, ಹಿಡ್ಕೊಳ್ಳೋದು ಹಾಗಲ್ಲ ಕಣೇ, ಕೊಡು ಇಲ್ಲಿ ಎಂದು ಪಿಪೆಟ್ಟು ಕಸಿದುಕೊಂಡೆ, ಕೋಟಿನೊಳಗೆ ಮೇಲೇರಿದ್ದ ಸ್ವೆಟರಿನ ತೋಳನ್ನು ಗ್ಲೌಸು ಹಾಕಿದ ಕೈಯಲ್ಲೇ ಎಳೆದುಕೊಂಡೆ, ಗ್ಲೌಸು ಬದಲಿಸಲಿಲ್ಲ, ಒಗೆಯದ ಸ್ವೆಟರು, ಅಮ್ಮ ಬಿಚ್ಚಿಟ್ಟ ದಿನದಿಂದ ಒಗೆದಿಲ್ಲ ನಾನು, ಒಗೆದರೆ ವಾಸನೆ ಹೋಗುತ್ತದೆ ಎಂದು.

ಅಮ್ಮ ಬಂದಿದ್ದಳು ಹಾಗಾದರೆ. ಎಷ್ಟು ಸಲ ಬಂದು ಆ ಗಾಜಿನ ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದಾಳೆ, ಕೊಡೆ ತೊಡೆಯ ಮೇಲೆ, ತೋಳಂಚನ್ನು ಎರಡು ಬೆರಳಲ್ಲಿ ಎಳೆದು ಅಂಗೈ ಮುಚ್ಚಿಕೊಂಡು, ಅವಳಿಗೆ ಸದಾ ಚಳಿ, ಒಂದ್ಸಲ ಒಳಗೆ ಕರ್ಕೊಂಡು ಹೋಗೇ, ಏನೂ ಮುಟ್ಟಲ್ಲ, ಕೈ ಹಿಂದೆ ಕಟ್ಕೊಂಡೇ ಇರ್ತೀನಿ. ಆಗಲ್ಲಮ್ಮ, ಬೋರ್ಡ್ ನೋಡು. ಬೋರ್ಡ್ ನಂಗೂ ಓದಕ್ಕೆ ಬರತ್ತೆ, ಹೊರಗಿನವರಿಗೆ ಪ್ರವೇಶವಿಲ್ಲ, ನಾನ್ಯಾವಾಗ ಹೊರಗಿನವಳಾದೆ ನಿಂಗೆ? ನಕ್ಕೇ ಕೇಳಿದ್ದಳು. ನೆರೆಮನೆಯವರಿಗೆಲ್ಲ ನನ್ನ ಮಗಳು ರಕ್ತದ ಕಲೆ ಬಗ್ಗೆ ದೊಡ್ಡ ಓದು ಓದಿದ್ದಾಳೆ ಎಂದು ಹೇಳಿಟ್ಟಿದ್ದಳು, ಪಕ್ಕದ ಮನೆಯಾಕೆ ಕಲೆಯಾದ ಹೊದಿಕೆ ಹಿಡಿದು ಬಂದು ಯಾವ ಸೋಪು ಹಾಕಬೇಕು ಎಂದು ಕೇಳಿದ್ದಳು, ಅಮ್ಮ ಬಾಗಿಲ ಹಿಂದೆ ನಿಂತು ಹೊಟ್ಟೆ ಹಿಡಿದು ನಕ್ಕಿದ್ದಳು — ಬಂದಳಲ್ಲ ಕೊನೆಗೆ, ನನ್ನ ತೋಳು ಹಿಡಿದುಕೊಂಡು, ಗೊಂಚಲಿನ ಕಣ್ಣು ತಪ್ಪಿಸಿ, ಏನೂ ಇರಬಾರದ ಟ್ಯೂಬಿನಲ್ಲಿ ಕೂತುಬಿಟ್ಟಿದ್ದಾಳೆ. ಗೋಡೆ ತುಂಬ ಅಮ್ಮ, ಇಷ್ಟು ದೊಡ್ಡದಾಗಿ ಅವಳನ್ನು ನಾನು ನೋಡಿರಲೇ ಇಲ್ಲ. ಪ್ರೊಜೆಕ್ಟರ್ ಆರಿಸಬೇಡಿ ಮೇಷ್ಟ್ರೇ, ಇನ್ನೊಂದು ಗಳಿಗೆ. ಹೇಳಿದರೆ ಸ್ವೆಟರು ಬಿಚ್ಚಬೇಕು, ಪುರಾವೆಯೆಂದು ಸೀಲ್ ಮಾಡಿದ್ದನ್ನು ಮತ್ತೆ ತೊಡುವ ಹಾಗಿಲ್ಲ, ಒಗೆದು ತೊಟ್ಟರೆ ಅಮ್ಮ ಇಲ್ಲ, ಒಗೆಯದೆ ಇಟ್ಟರೆ ತೊಡುವಂತಿಲ್ಲ. ಹೇಳದಿದ್ದರೆ ಆ ಹುಡುಗಿ ಹೋಗುತ್ತಾಳೆ. ಅವಳ ಅಮ್ಮನೂ ಎಲ್ಲೋ ಯಾವುದೋ ಬೆಂಚಿನ ಮೇಲೆ ಕಾಯುತ್ತಿರಬಹುದು.

ಹೊರಗಿನವಳಲ್ಲ, ನನ್ನ ದನಿಯೇ, ಯಾರೋ ಪಕ್ಕದ ಕೋಣೆಯಲ್ಲಿ ಮಾತಾಡಿದ ಹಾಗೆ, ಅದು ನಮ್ಮಮ್ಮ. ಮೇಡಂ, ನಿಮ್ಮಮ್ಮ ಹೋದ ಚಳಿಗಾಲದಲ್ಲೇ — ಹೌದು ಮೇಷ್ಟ್ರೇ, ನನ್ನ ನಂಬರ್ ಪಕ್ಕ ಇಟ್ಟು ನೋಡಿ, ಈ ಸ್ವೆಟರು ಅವಳದು, ಆ ಮಗೂನ ಕೂರಿಸಿ ಮೊದಲು, ಅವಳದ್ದೇನೂ ತಪ್ಪಿಲ್ಲ, ಬೇಲಿಯೇ ಎದ್ದು ಹೊಲ ಮೇಯ್ದಿದೆ. ಹುಡುಗಿ ಕೂರುತ್ತಾಳೆ, ಕೂತ ಮೇಲೆ ಅಳುತ್ತಾಳೆ. ಗೊಂಚಲು ಸದ್ದಾಗದ ಹಾಗೆ ಬೀಗದ ಕೈಗಳನ್ನು ಮುಷ್ಟಿಯಲ್ಲಿ ಹಿಡಿದು ಎದ್ದುಹೋಗಿ ಕಾಗದದ ಚೀಲ ತರುತ್ತಾಳೆ, ಪ್ಲಾಸ್ಟಿಕ್ಕಿನಲ್ಲಿ ಬೂಷ್ಟು ಹಿಡಿಯುತ್ತದೆ, ಅಮ್ಮ ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲೇ ಕಟ್ಟಿಡುತ್ತಿದ್ದಳು, ಬೈದಿದ್ದೇನೆ ಅದಕ್ಕೂ. ಗುಂಡಿ ಬಿಚ್ಚುತ್ತೇನೆ, ಒಂದು ತೋಳು, ಇನ್ನೊಂದು ತೋಳು, ಮಡಿಸುವ ಮೊದಲು ಮುಖಕ್ಕೆ ಒತ್ತಿಕೊಳ್ಳುತ್ತೇನೆ, ಎಲ್ಲರೂ ಗೋಡೆಯ ಕಡೆ ನೋಡುತ್ತಾರೆ, ಒಳ್ಳೆಯವರು. ಅಂಟಿನ ಪಟ್ಟಿ, ಅದರ ಮೇಲೆ ಅಡ್ಡವಾಗಿ ನನ್ನ ಸಹಿ. ಅಮ್ಮನ್ನೂ ಕಂಪ್ಯೂಟರಲ್ಲಿ ಸೇರಿಸ್ಬೇಕಲ್ಲ ಮೇಡಂ, ಮೇಷ್ಟ್ರು ಮೆಲ್ಲಗೆ ಕೇಳುತ್ತಾರೆ, ಹೊರಗಿನವರು ಅಂತ ಜಾಗ ಇಲ್ಲ ಅದ್ರಲ್ಲಿ, ಸ್ಟಾಫ್ ಅಂತ ಹಾಕ್ಲಾ. ಹಾಕಿ, ಎನ್ನುತ್ತೇನೆ. ಪ್ರೊಜೆಕ್ಟರ್ ಆರುತ್ತದೆ, ಗೋಡೆ ಬರೀ ಗೋಡೆ, ಕಿಟಕಿಯ ಗಾಳಿ ಬರಿಯ ಮಣಿಕಟ್ಟಿಗೆ ತಾಗುತ್ತದೆ, ಚಳಿ, ಇದು ಯಾವತ್ತಿನಿಂದ ನನಗೆ ಚಳಿ, ಬಲಗೈ ತಾನಾಗಿ ಎಡಗೈಯ ಕಡೆ ಹೋಗುತ್ತದೆ, ಅಲ್ಲಿ ಅಂಚಿಲ್ಲ, ಉಣ್ಣೆಯಿಲ್ಲ, ಆದರೂ ಹುಡುಕುತ್ತದೆ, ಎರಡು ಬೆರಳು, ಅಮ್ಮನವೇ ಎರಡು ಬೆರಳು, ಇಲ್ಲದ ತೋಳಂಚನ್ನು ಹಿಡಿದು, ಕೆಳಕ್ಕೆ, ಅಂಗೈ ಮುಚ್ಚುವ ತನಕ —