ಅಣ್ಣ ತಮ್ಮ ತೋರಿಸಿದ ತಮಿಳು ಸಿನಿಮಾ

ಒಬ್ಬ ಹೆಂಗಸಿನಿಂದ ಒಂದು ಸಹಿ ಹಾಕಿಸಿಕೊಳ್ಳಲು ಎಷ್ಟು ಖರ್ಚಾಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಹೇಳಬಲ್ಲೆ. ಬಾಲ್ಕನಿ ಟಿಕೆಟ್ ಮೂರಕ್ಕೆ ನಾನೂರ ಐವತ್ತು. ಕಾರಿಗೆ ಪೆಟ್ರೋಲ್ ಒಂಬೈನೂರು. ಸೀರೆ ಸಾವಿರದ ನಾನೂರ ಐವತ್ತು. ಅಂಗಡಿಯವನು ಬೆಲೆ ಚೀಟಿ ಕೀಳುವುದನ್ನು ಮರೆತಿದ್ದ. ಎರಡು ಮೊಳ ಮಲ್ಲಿಗೆ ಎಂಬತ್ತು. ಹಾಸನದ ಹೋಟೆಲಿನಲ್ಲಿ ಊಟ ನಾನೂರ ಇಪ್ಪತ್ತು. ಪಾಪ್‌ಕಾರ್ನ್ ನೂರು. ಒಟ್ಟು ಮೂರು ಸಾವಿರದ ನಾನೂರು ರೂಪಾಯಿ. ನಮ್ಮಪ್ಪ ಸತ್ತ ಮೇಲೆ ಮೂರು ವರ್ಷದಲ್ಲಿ ನನ್ನ ಅಣ್ಣ ತಮ್ಮ ಇಬ್ಬರೂ ಸೇರಿ ನನಗಾಗಿ ಮಾಡಿದ ಖರ್ಚು ಇಷ್ಟಿರಲಿಲ್ಲ.

ನಾನು ಶ್ರವಣಬೆಳಗೊಳದ ಬೆಟ್ಟದ ಕೆಳಗೆ ಬಾಡಿಗೆ ಮಳಿಗೆಯೊಂದರಲ್ಲಿ ಕಾಲುಚೀಲ, ಟೋಪಿ, ನೀರಿನ ಬಾಟಲಿ ಮಾರುತ್ತೇನೆ. ಬೆಟ್ಟಕ್ಕೆ ಚಪ್ಪಲಿ ಹಾಕಿಕೊಂಡು ಹತ್ತುವಂತಿಲ್ಲ. ಹನ್ನೊಂದು ಗಂಟೆಗೆ ಬಂಡೆ ಕಾಯುತ್ತದೆ, ಆಮೇಲೆ ಭಕ್ತಿಯ ಜೊತೆಗೆ ಕಾಲುಚೀಲವೂ ಬೇಕಾಗುತ್ತದೆ. ಗಂಡ ಬಿಟ್ಟು ಹೋದಾಗಿನಿಂದ ನನ್ನ ಹೊಟ್ಟೆ ಹೊರೆದದ್ದು ಆ ಬಂಡೆಯ ಬಿಸಿ. ಯಾತ್ರಿಕರ ಜೊತೆ ಚೌಕಾಸಿ ಮಾಡಿ ಮಾಡಿ ತಮಿಳು, ಹಿಂದಿ ಎರಡೂ ಬಂದಿವೆ. ನಾನು ಅವನ್ನು ಮಾತನಾಡಿದ್ದನ್ನು ಮನೆಯವರು ಕೇಳಿಲ್ಲ, ಏಕೆಂದರೆ ಮನೆಯವರು ಅಂಗಡಿಗೆ ಬರುವುದಿಲ್ಲ.

ಅಣ್ಣ ಈಶ್ವರಯ್ಯ, ತಮ್ಮ ಸಿದ್ದೇಶ ಇಬ್ಬರೂ ಶಾಂತಿಗ್ರಾಮದಲ್ಲೇ ಇದ್ದಾರೆ. ಹೆದ್ದಾರಿ ಪಕ್ಕದಲ್ಲಿ ಅಪ್ಪನ ಹೆಸರಿನ ಒಂದು ಎಕರೆ ಹದಿನಾಲ್ಕು ಗುಂಟೆ ಇತ್ತು. ಅದನ್ನು ಹೋಟೆಲ್ ಕಟ್ಟುವವನೊಬ್ಬ ಕೇಳಿದ. ಕೊಳ್ಳುವವನು ಬುದ್ಧಿವಂತ. ಮಗಳ ಸಹಿ ಇಲ್ಲದೆ ಮುಂಗಡವನ್ನೂ ಕೊಡುವುದಿಲ್ಲ ಎಂದ. ಆ ವಾರವೇ ನನಗೆ ಇಬ್ಬರು ಒಡಹುಟ್ಟಿದವರು ಇದ್ದಾರೆಂಬುದು ಇಬ್ಬರಿಗೂ ನೆನಪಾಯಿತು.

"ಹಕ್ಕು ಬಿಡುಗಡೆ ಪತ್ರ ಅಂತ ಒಂದು ಕಾಗ್ದ ಕಣವ್ವ ಕಮಲಾಕ್ಷಿ," ಎಂದು ಅಣ್ಣ ಫೋನಿನಲ್ಲಿ ಹೇಳಿದ. "ನಿನ್ ಪಾಲು ನಮಗೆ ಬಿಟ್ಟಿದೀನಿ ಅಂತ ಒಂದು ಸಣ್ಣ ಸೈನು. ಸಬ್ ರಿಜಿಸ್ಟ್ರಾರ್ ಆಫೀಸ್ನಾಗೆ ಬುಧವಾರ ಹನ್ನೊಂದಕ್ಕೆ ಟೈಮ್ ಸಿಕ್ಕಿದೆ. ಮಂಗಳವಾರವೇ ಬಂದ್ಬುಡು. ಹಂಗೇ ಒಂದು ಪಿಚ್ಚರ್ ನೋಡ್ಕಂಡು ಬರಣ."

ಸಿನಿಮಾ ಸಿದ್ದೇಶನ ಯೋಚನೆ. ಹಿಂದಿನ ವಾರ ಹಾಸನಕ್ಕೆ ಹಸುವಿನ ಹಿಂಡಿ ತರಲು ಹೋದವನು ಅದನ್ನು ನೋಡಿ ಬಂದಿದ್ದನಂತೆ. ತಮಿಳು ಚಿತ್ರ. ಊರೆಲ್ಲ ಅದರ ಹಾಡನ್ನೇ ಫೋನಿಗೆ ಹಾಕಿಕೊಂಡಿತ್ತು, ಅರ್ಥ ಯಾರಿಗೂ ಗೊತ್ತಿರಲಿಲ್ಲ. "ಅಣ್ಣಂದಿರಿಗೋಸ್ಕರ ತಂಗಿ ಅಕ್ಕಿ ಗಿರಣೀನೇ ಬರ್ದು ಕೊಟ್ಬುಡ್ತಾಳೆ ಕಣಣ್ಣ, ಥಿಯೇಟರ್‌ನಾಗೆ ಒಬ್ರ ಕಣ್ಣೂ ಒಣಗಿರಲಿಲ್ಲ," ಎಂದು ಅಣ್ಣನಿಗೆ ಹೇಳಿದ್ದ. ವಕೀಲರ ಫೀಸಿಗಿಂತ ಟಿಕೆಟ್ ಅಗ್ಗವೆಂದು ಅಣ್ಣ ಒಪ್ಪಿದ್ದ. ಇದನ್ನೆಲ್ಲ ಸಿದ್ದೇಶನೇ ನನಗೆ ಆಮೇಲೆ ಹೇಳಿದ್ದು.

ಸೀರೆ ಕೊಡಿಸಿ, ಊಟ ಹಾಕಿಸಿ, ಇಬ್ಬರ ನಡುವೆ ಕೂರಿಸಿಕೊಂಡರು. ಪರದೆಯ ಮೇಲೆ ದೊಡ್ಡ ಮನೆ, ಮೂವರು ಅಣ್ಣಂದಿರು, ಒಬ್ಬ ತಂಗಿ. ತಂಗಿ ಮದುವೆಯಾಗಿ ಹೋಗುವ ದಿನ ಗಿರಣಿಯ ತನ್ನ ಪಾಲನ್ನು ಅಣ್ಣಂದಿರಿಗೆ ಬರೆದುಕೊಟ್ಟಳು. ಅವರು ಅವಳನ್ನು ಕುರ್ಚಿ ಸಮೇತ ಎತ್ತಿಕೊಂಡು ಅಂಗಳ ಸುತ್ತಿದರು. ನಾಗಸ್ವರ, ತವಿಲು, ಮೇಲೊಂದು ಹೆಣ್ಣು ದನಿ. 'ನನ್ನ ಬಾಗಿಲು ನಿಮ್ಮ ಎದೆಯಲ್ಲಿದೆ, ನನಗೆ ಬೇರೆ ಬೀಗವೇಕೆ' ಎಂಬ ಹಾಡು.

ನಾನೂ ಅತ್ತೆ. ಆ ಸಂಗೀತ ಮಾಡಿದವನಿಗೆ ಒಳ್ಳೆಯದಾಗಲಿ, ಅವನು ಕಲ್ಲನ್ನೂ ಅಳಿಸುತ್ತಾನೆ. ಅಣ್ಣ ನನ್ನ ಕೈ ಹಿಡಿದುಕೊಂಡಿದ್ದ. ನನ್ನ ಮದುವೆಯಾದ ಮೇಲೆ ಅವನು ನನ್ನ ಕೈ ಹಿಡಿದದ್ದು ಅದೇ ಮೊದಲು. ಇವರಿಲ್ಲದೆ ನನಗೆ ತವರು ಎಲ್ಲಿದೆ, ಆ ಮಣ್ಣು ಇಟ್ಟುಕೊಂಡು ಏನು ಮಾಡಲಿ ಎನ್ನಿಸಿತು. ಇಂಟರ್ವಲ್‌ಗೆ ದೀಪ ಹತ್ತಿದಾಗ ನಾನು ಸಹಿ ಹಾಕುವುದೆಂದು ತೀರ್ಮಾನಿಸಿಯಾಗಿತ್ತು. ಅಲ್ಲೇ ಎದ್ದಿದ್ದರೆ ಅವರ ಕೆಲಸ ಮುಗಿದಿತ್ತು.

ಆದರೆ ನೂರೈವತ್ತು ಕೊಟ್ಟ ಟಿಕೆಟ್, ಅಣ್ಣ ಎದ್ದಾನೆಯೆ? "ಕೂತ್ಕೊಳವ್ವ, ಇನ್ನೂ ಅರ್ಧ ಅದೆ," ಎಂದು ಪಾಪ್‌ಕಾರ್ನ್ ತಂದ.

ದ್ವಿತೀಯಾರ್ಧದಲ್ಲಿ ತಂಗಿಯ ಗಂಡನ ವ್ಯಾಪಾರ ಮುಳುಗಿತು. ಮಗಳ ಕಿವಿ ಚುಚ್ಚಿಸಬೇಕು, ಸೋದರಮಾವಂದಿರ ತೊಡೆಯ ಮೇಲೆ ಕೂರಿಸಬೇಕು. ಮಗುವನ್ನು ಎತ್ತಿಕೊಂಡು ಅಣ್ಣಂದಿರ ಮನೆಯ ಗೇಟಿಗೆ ಬಂದಳು. ಕಾವಲುಗಾರ ಒಳಗೆ ಹೋಗಿ ಬಂದು, ಮನೆಯಲ್ಲಿ ಯಾರೂ ಇಲ್ಲ ಎಂದ. ಮಹಡಿಯ ಕಿಟಕಿಯಲ್ಲಿ ಮೂರು ತಲೆಗಳು. ಆಗ ಅದೇ ರಾಗ ಬಂತು. ನಾಗಸ್ವರವಿಲ್ಲ, ತವಿಲಿಲ್ಲ, ಬರೀ ಒಂದು ದನಿ.

ಅಣ್ಣ ನನ್ನ ಕೈ ಬಿಟ್ಟ. ಬಗ್ಗಿ ಸಿದ್ದೇಶನನ್ನು ಕೇಳಿದ: "ಏನ್ಲಾ ಇದು?"

"ಗೊತ್ತಿಲ್ಲ ಕಣಣ್ಣ."

"ನೋಡ್ಕಂಡ್ ಬಂದೆ ಅಂದಲ್ಲಲಾ."

"ಇಂಟರ್ವಲ್‌ಗೇ ಎದ್ದು ಬಂದೆ. ಐದೂವರೆಗೆ ಡೈರಿಗೆ ಹಾಲಾಕ್ಬೇಕಿತ್ತಲ್ಲ, ಹಸ ಕಾಯ್ತವಾ?"

ಶಾಂತಿಗ್ರಾಮದಲ್ಲಿ ಹಸು ಕಟ್ಟಿದವರಾರೂ ಮ್ಯಾಟಿನಿ ಷೋವನ್ನು ಪೂರ್ತಿ ನೋಡಿಲ್ಲ ಎಂಬುದು ಅಣ್ಣನಿಗೆ ಆ ಹೊತ್ತಿನಲ್ಲಿ ಹೊಳೆಯಿತೆಂದು ಕಾಣುತ್ತದೆ.

"ಅವ್ಳು ಏನಂತ ಹಾಡ್ತಾವ್ಳೆ?" ಎಂದು ಅವನನ್ನೇ ಮೆಲ್ಲಗೆ ಕೇಳಿದ, ನನಗೆ ತಮಿಳು ಬರುವುದಿಲ್ಲವೆಂಬ ಧೈರ್ಯದಲ್ಲಿ.

ನಾನು ಹೇಳಿದೆ: "'ಅಣ್ಣ ಮಲಗಿರಬೇಕು, ಮಗಳೇ, ಜೋರಾಗಿ ಕರೀಬೇಡ' ಅಂತವ್ಳೆ."

ಆಮೇಲೆ ಅಣ್ಣ ಪಾಪ್‌ಕಾರ್ನ್ ತಿನ್ನಲಿಲ್ಲ. ಕೊನೆಗೆ ಎಲ್ಲರೂ ಒಂದಾದರು. ಅದಕ್ಕಾಗಿ ತಂಗಿ ಸಾಯಬೇಕಾಯಿತು, ಅಷ್ಟೆ. ಹೆಣಕ್ಕೆ ಹೊದಿಸಲು ಮೂವರೂ ರೇಷ್ಮೆ ಸೀರೆ ತಂದಿದ್ದರು, ಒಂದಕ್ಕಿಂತ ಒಂದು ಚೆನ್ನ. ಸಿದ್ದೇಶ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಬಲೆ ಹೆಣೆದವನೇ ಅದರಲ್ಲಿ ಬಿದ್ದಿದ್ದ.

ಕಾರು ಹೆದ್ದಾರಿಗೆ ಬಂತು.

"ಪಿಚ್ಚರ್‌ನಾಗೆ ಏನೇನೋ ತೋರುಸ್ತಾರೆ ಕಣವ್ವ," ಎಂದ ಅಣ್ಣ. "ನಾವು ಹಂಗಾ?"

"ಹಂಗಲ್ಲ ಅಂತ ಈಗ್ಲೇ ತೋರ್ಸಣ್ಣ. ನಾಳೆ ಬಿಡುಗಡೆ ಪತ್ರ ಬೇಡ. ಕ್ರಯಪತ್ರಕ್ಕೆ ಮೂರು ಜನಾನೂ ಸೈನ್ ಹಾಕಣ. ದುಡ್ಡು ಮೂರು ಪಾಲು."

"ತಮಿಳು ಪಿಚ್ಚರ್ ನೋಡ್ಬುಟ್ಟು ತವರ ಮನೆ ಒಡೀತೀಯಾ?"

"ಕರ್ಕಂಡೋದೋರು ನೀವು. ನಾನು ಅಂಗ್ಡೀಲಿ ನೆಮ್ಮದಿಯಾಗಿ ಕಾಲುಚೀಲ ಮಾರ್ಕಂಡಿದ್ದೆ."

ಸಿದ್ದೇಶ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಮೂಗೊರೆಸಿಕೊಂಡು, "ಕೊಟ್ಬುಡಣ ಕಣಣ್ಣ, ಅಕ್ಕನ್ ಪಾಲು ಅಕ್ಕನಿಗೆ," ಎಂದ.

"ನೀನು ಬಾಯ್ಮುಚ್ಲಾ. ಪಿಚ್ಚರ್ ಪೂರ್ತಿ ನೋಡದ ನನ್ಮಗನೆ." ಅಣ್ಣ ಕನ್ನಡಿಯಲ್ಲಿ ನನ್ನ ಮುಖ ನೋಡಿದ. "ಯೋಚ್ನೆ ಮಾಡು ಕಮಲಾಕ್ಷಿ. ಪಾಲು ಇಸ್ಕಂಡೋಳ್ನ ಗೌರಿ ಹಬ್ಬಕ್ಕೆ ಯಾವ ಮುಖ ಇಟ್ಕಂಡು ಕರೆಯಾನ?"

ಬೆದರಿಕೆ ಸಣ್ಣದಲ್ಲ. ವರ್ಷಕ್ಕೊಂದು ಸಲ ಆ ಮನೆಯ ಹೊಸಿಲು ದಾಟುವುದು ನನಗೆ ಬೇಕಿತ್ತು. ಅಮ್ಮ ಒಲೆ ಉರಿಸಿದ ಮನೆ ಅದು. ಶಾಂತಿಗ್ರಾಮ ಬರುವಷ್ಟರಲ್ಲಿ ಎರಡು ಸಲ ಸೋಲಬೇಕೆನ್ನಿಸಿತು. ಬಾಯಿ ತೆರೆಯಲಿಲ್ಲ. ಕಾಲುಚೀಲದ ಜೋಡಿಗೆ ಮೂವತ್ತು ಹೇಳಿ ಇಪ್ಪತ್ತೈದಕ್ಕೆ ನಿಲ್ಲುವ ಹೆಂಗಸಿಗೆ ಯಾವಾಗ ಸುಮ್ಮನಿರಬೇಕೆಂಬುದು ಗೊತ್ತಿರುತ್ತದೆ.

ಬುಧವಾರ ಯಾರ ಸಹಿಯೂ ಬೀಳಲಿಲ್ಲ. ಕೊಳ್ಳುವವನು ಕಾಯುವವನಲ್ಲ. ಹದಿನೈದು ದಿನ ನೋಡಿ, ಬೇರೆ ಜಮೀನು ಕೇಳುತ್ತೇನೆ ಎಂದ. ಹದಿನಾರನೆಯ ದಿನ ಅಣ್ಣ ಫೋನ್ ಮಾಡಿ ಆಫೀಸಿಗೆ ಬರುವ ಹೊತ್ತನ್ನು ಮಾತ್ರ ಹೇಳಿದ. ಮೂವರೂ ಸಹಿ ಹಾಕಿದೆವು, ಮೂರು ಚೆಕ್ ಬಂತು.

ಬಾಡಿಗೆಗಿದ್ದ ಮಳಿಗೆಯನ್ನು ಕೊಂಡುಕೊಂಡೆ. ಸಿದ್ದೇಶ ತಿಂಗಳಿಗೊಮ್ಮೆ ಬಂದು ಹೋಗುತ್ತಾನೆ, ಹಾಲು ಕರೆಯುವ ಹೊತ್ತಿಗೆ ಎದ್ದು ಹೊರಡುತ್ತಾನೆ. ಅಣ್ಣ ಮಾತು ಬಿಟ್ಟಿದ್ದಾನೆ. ಈ ಸಲ ಗೌರಿ ಹಬ್ಬಕ್ಕೆ ಕರೆಯಲಿಲ್ಲ, ಮುಂದೆಯೂ ಕರೆಯುವುದಿಲ್ಲ. ನನಗೆ ಮಳಿಗೆ ಸಿಕ್ಕಿತು, ಅಣ್ಣ ಹೋದ. ಮಳಿಗೆ ಸಿಕ್ಕಿದ್ದಕ್ಕೆ ಸಂತೋಷವಿದೆ, ಅಣ್ಣ ಹೋದದ್ದಕ್ಕೆ ದುಃಖವಿದೆ.