ಆನೆ ಬಂತು ಎಂದು ಹೇಳಬೇಕಾಗಿದ್ದ ಕಂಪ್ಯೂಟರ್

ಈ ಕಥೆಯನ್ನು ಆನೆಯಿಂದ ಶುರುಮಾಡಲೋ, ಅಪ್‌ಡೇಟಿನಿಂದಲೋ? ಆನೆಯಿಂದಾದರೆ ನೀವು ಓದುತ್ತೀರಿ. ಆದರೆ ಎಡವಟ್ಟಾದದ್ದು ಅಪ್‌ಡೇಟಿನಲ್ಲಿ.

೧
೨೦೦೭. ಅಂತರಸಂತೆಯ ರೈತರ ಸಂಘದ ಕೋಣೆಯಲ್ಲಿ ಒಂದು ಲಿನಕ್ಸ್ ಕಂಪ್ಯೂಟರ್, ಅದಕ್ಕೆ ಕೇಬಲ್ಲಿನಿಂದ ಜೋಡಿಸಿದ ಮೊಬೈಲು. ಆನೆ ಕಂದಕ ದಾಟಿತೆಂದು ಕಾಡಂಚಿನ ಕಾವಲಿನ ಮಾದೇವ ಫೋನು ಮಾಡಿದರೆ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಪ್ರಮೀಳಾ ಒಂದು ಕೀ ಒತ್ತುತ್ತಿದ್ದಳು. ಸುತ್ತಲಿನ ಹೊಲದವರಿಗೆಲ್ಲ ಮೆಸೇಜು ಹೋಗುತ್ತಿತ್ತು. ಆ ಪ್ರೋಗ್ರಾಂ ಬರೆದವನು ಪಿರಿಯಾಪಟ್ಟಣದ ಯತೀಶ್, ಪರ್ಲ್ ಎಂಬ ಭಾಷೆಯಲ್ಲಿ. ಮೆಸೇಜು ಕಳಿಸುವ ಮಾಡ್ಯೂಲನ್ನು, ಅಂದರೆ ಯಾರೋ ಬರೆದಿಟ್ಟ ಸಿದ್ಧ ತುಣುಕನ್ನು, ಇಂಟರ್‌ನೆಟ್ಟಿನಲ್ಲಿದ್ದ ಪರ್ಲ್‌ನದೇ ಉಗ್ರಾಣದಿಂದ ನೇರವಾಗಿ ತಂದು ಹಾಕಿದ್ದ. ಕಂಪ್ಯೂಟರಿನ ಸಿಸ್ಟಮ್ಮಿಗೆ ಬೇರೆಯೇ ಉಗ್ರಾಣ. ತಾನು ತಂದದ್ದಷ್ಟೇ ಅದಕ್ಕೆ ಗೊತ್ತು.

(ಒಂದೇ ಅಡುಗೆಮನೆಗೆ ಇಬ್ಬರು ಸಾಮಾನು ತಂದ ಹಾಗೆ ಎಂದು ಬರೆದಿದ್ದೆ. ಅಡುಗೆಮನೆಯೇ ಯಾಕೆ ಎಂದು ಕರಡು ಓದಿದ ಪ್ರಮೀಳಾ ಕೇಳಿದಳು. ಹೊಡೆದುಹಾಕಿದೆ.)

೨
ಒಂದು ಬೆಳಿಗ್ಗೆ ಪ್ರಮೀಳಾ ಸಿಸ್ಟಮ್ ಅಪ್‌ಡೇಟ್ ಮಾಡಿದಳು. ಯತೀಶ್ ಹಾಕಿದ್ದ ಹೊಸ ಮಾಡ್ಯೂಲಿನ ಮೇಲೆ ಸಿಸ್ಟಮ್ ತನ್ನ ಹಳೆಯದನ್ನು ತಂದು ಕೂರಿಸಿತು. ಅಲ್ಲೊಂದು ಇದೆಯೆಂದೇ ಅದಕ್ಕೆ ಗೊತ್ತಿರಲಿಲ್ಲ. ಸಂಜೆ ಮಾದೇವನ ಫೋನು ಬಂತು. ಪ್ರಮೀಳಾ ಕೀ ಒತ್ತಿದಳು. ಎರರ್. ಮತ್ತೆ ಒತ್ತಿದಳು. ಆಮೇಲೆ ತನ್ನ ಫೋನಿನಿಂದ ಒಬ್ಬೊಬ್ಬರಿಗೇ ಕರೆ ಮಾಡತೊಡಗಿದಳು. ಬೀರಮ್ಮನ ಸರದಿ ಬರುವಷ್ಟರಲ್ಲಿ, ಕರು ಹಿಡಿದು ತರಲು ಹೊಲಕ್ಕಿಳಿದಿದ್ದ ಬೀರಮ್ಮ ಆನೆಯ ಎದುರಿಗಿದ್ದಳು.

(ಮೊದಲ ಕರಡಿನಲ್ಲಿ ಬೀರಮ್ಮ ಸಾಯುತ್ತಾಳೆ. ಪ್ರಮೀಳಾ ಒಪ್ಪಲಿಲ್ಲ. "ಸಾಯಿಸ್ಬ್ಯಾಡಿ. ಬದುಕಿರೋರ ಮಖ ನೋಡೋದೇ ಕಷ್ಟ. ಅದ್ನ ಬರೀರಿ.")

ಓಡುವಾಗ ಬದುವಿನಿಂದ ಬಿದ್ದು ಬೀರಮ್ಮನ ತೊಡೆಮೂಳೆ ಮುರಿಯಿತು. ಆನೆ ಪಕ್ಕದಲ್ಲೇ ಹಾದುಹೋಯಿತು.

೩
"ಅಪ್‌ಡೇಟ್ ಯಾಕಕ್ಕಾ ಒತ್ತುದ್ರಿ?" ಎಂದ, ಸುದ್ದಿ ಕೇಳಿ ಸಂಘದ ಕೋಣೆಗೆ ಬಂದ ಯತೀಶ್.

"ಸಿಸ್ಟಮ್‌ಗೆ ಏಳ್ದೆ ನೀನ್ಯಾಕ್ಲಾ ತುರುಕ್ದೆ? ಅಪ್‌ಡೇಟ್ ಮಾಡ್ದೆ ಬುಟ್ರೆ ಕಳ್ಳುರ್ಗೆ ಬಾಗ್ಲು ತೆಗ್ದಂಗೆ."

"ಸಿಸ್ಟಮ್ ಕೊಡೋ ಮಾಡ್ಯೂಲು ನಮ್ಮ ಮೊಬೈಲ್‌ಗೆ ಆಗಕಿಲ್ಲ ಕಣಕ್ಕಾ!"

ಇಬ್ಬರದೂ ಸರಿ. (ಖಳನಾಯಕನಾಗುತ್ತೀಯಾ ಎಂದು ಆನೆಯನ್ನು ಕೇಳಿದೆ. ಅದಕ್ಕೆ ಪುರಸೊತ್ತಿಲ್ಲ.)

ಕೊನೆಗೆ ಪ್ರಮೀಳಾ ಪಕ್ಕಕ್ಕೊಂದು ಕುರ್ಚಿ ಎಳೆದಳು. "ಕೂತ್ಕೊ. ನಿನ್ನ ಮಾಡ್ಯೂಲ್ನ ಸಿಸ್ಟಮ್ಮಿನ ಪ್ಯಾಕೇಜಾಗೇ ಕಟ್ಟವ. ಅದು ಇರೋದು ಸಿಸ್ಟಮ್‌ಗೂ ಗೊತ್ತಾಗ್ಲಿ."

ಯತೀಶ್ ಕಟ್ಟಿದ, ಅವಳು ಹಾಕಿದಳು. ಮತ್ತೆ ಅಪ್‌ಡೇಟ್ ಮಾಡಿ ನೋಡಿದರು. ಸಿಸ್ಟಮ್ ಈ ಸಲ ಅದನ್ನು ಮುಟ್ಟಲಿಲ್ಲ. ಮೆಸೇಜು ಹೋಯಿತು. ಇಬ್ಬರೂ ನಗಲಿಲ್ಲ.

೪
ಮುಕ್ತಾಯ ಒಂದು: ಬೀರಮ್ಮ ಕ್ಷಮಿಸುತ್ತಾಳೆ. (ಸಿನಿಮಾ.)

ಮುಕ್ತಾಯ ಎರಡು: ಬೈದು ಕಳಿಸುತ್ತಾಳೆ. (ಇದೂ ಸಿನಿಮಾ.)

ಪ್ರಮೀಳಾ ಹೋಗಿ ಮಂಚದ ಪಕ್ಕ ನಿಂತು, "ತಪ್ಪು ನಂದೂವೆ ಕಣವ್ವ. ಈಗ ಸರಿ ಮಾಡಿವ್ನಿ" ಎಂದಳು.

"ನಿಂದೋ, ಆ ಉಡ್ಗಂದೋ, ನಂಗೇನ್ ಗೊತ್ತವ್ವ," ಎಂದಳು ಬೀರಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಮೆಸೇಜು ಬಂದಿಲ್ಲ ಅಂದ್ರೆ ಆನೆ ಬಂದಿಲ್ಲ ಅಂದ್ಕೊಂಡು ಒಲಕ್ಕೆ ಓಯ್ತಿದ್ದೆ. ಇನ್ಮೇಕೆ ಅಂಗೆ ಓಗಕಾದದಾ?"

ಇದಕ್ಕೆ ಪ್ರಮೀಳಾ ಏನು ಹೇಳಿದಳೆಂದು ಬರೆಯಲು ಹೊರಟೆ. ಅವಳು ತಡೆದಳು.

"ನಂಗೇ ಇನ್ನೂ ತೋಚಿಲ್ಲ. ನೀವೆಂಗ್ ಬರೀತೀರಿ?"