ತೆಂಗಿನ ನೀರು ಬಿದ್ದ ತಂತಿ

ನಿಜಾಮರ ಆಳ್ವಿಕೆ ಮುಗಿದ ಚಳಿಗಾಲದಲ್ಲಿ ಹಣಮಂತರಾಯರ ನಾಟಕ ಕಂಪನಿ ಮತ್ತೆ ಆಳಂದಕ್ಕೆ ಬಂತು. ಮೂರನೆಯ ದಿನ ಮಾಲೀಕರೇ ನಾನು ಕಲಿಸುತ್ತಿದ್ದ ಶಾಲೆಗೆ ಬಂದರು.

"ಬಾಯಿ, ನೀವು ಹೈದರಾಬಾದಿನ್ಯಾಗ ಸೈನ್ಸ್ ಓದೀರಂತ. ನಮ್ಮ ಇಶಾರೆ ದೀಪ ಹತ್ತವಲ್ದು. ಸ್ವಲ್ಪ ನೋಡ್ರಿ."

ನಾನು ರೇವಣಪ್ಪನ ಮಗಳೆಂದು ಅವರಿಗೆ ಗೊತ್ತಿರಲಿಲ್ಲ. ಐದು ವರ್ಷಗಳ ಹಿಂದೆ ಇದೇ ಊರಿನಲ್ಲಿ, ತಮ್ಮ ಪ್ರವೇಶಕ್ಕೆ ಬೆಳಕು ಬರಲಿಲ್ಲವೆಂದು, ದೀಪ ನೋಡಿಕೊಳ್ಳುತ್ತಿದ್ದ ಅಪ್ಪನನ್ನು ರಂಗದ ಮೇಲೆ ಕರೆದು ಕೆನ್ನೆಗೆ ಹೊಡೆದಿದ್ದರು. ಕುಡಿದಿದ್ದಾನೆ ಎಂದಿದ್ದರು. ಲಿಂಗ ಕಟ್ಟಿಕೊಂಡ ಅಪ್ಪ ಹೆಂಡದ ಹನಿ ಮುಟ್ಟಿದವನಲ್ಲ. ಆ ಮಾತು ಅಫಜಲಪುರ, ಜೇವರ್ಗಿಗೂ ಹೋಯಿತು. ಮತ್ತೆ ಯಾವ ಕಂಪನಿಯೂ ಅವನನ್ನು ಕರೆಯಲಿಲ್ಲ.

ಆದರೂ ಹೋದೆ.

ಏರ್ಪಾಡು ಸರಳ. ಪರದೆಯ ಮರೆಯಲ್ಲಿ ನಿಂತವನು ಗುಂಡಿ ಒತ್ತಿದರೆ, ಆಚೆ ಬದಿಯಲ್ಲಿ ಈಗ ದೀಪ ನೋಡಿಕೊಳ್ಳುವ ಚಂದ್ರಾಮಪ್ಪನ ಮುಂದೆ ಪುಟ್ಟ ಕೆಂಪು ಬಲ್ಬು ಹತ್ತಬೇಕು. ಆಗ ಅವನು ರಂಗದ ದೀಪಗಳನ್ನು ಏರಿಸಬೇಕು. ಬಲ್ಬನ್ನು ನೇರ ಬ್ಯಾಟರಿಗೆ ಹಚ್ಚಿದೆ, ಹತ್ತಿತು. ಗುಂಡಿಯೂ ಸರಿ. ಉಳಿದದ್ದು ತಂತಿ. ಅದನ್ನು ಹಿಡಿದು ರಂಗದ ಮುಂಭಾಗದ ಹಲಗೆಗಳ ಕೆಳಗೆ ತೆವಳಿದೆ. ನಡುವಿನ ಒಂದು ಜೋಡಣೆ ಹಸಿರುಗಟ್ಟಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಮೇಲಿನ ಹಲಗೆ ಜಿಗುಟಾಗಿತ್ತು, ಇರುವೆ ಮುತ್ತಿದ್ದವು.

"ಇಲ್ಲಿ ಏನು ಸುರೀತೀರಿ?"

ಚಂದ್ರಾಮಪ್ಪ ನಕ್ಕ. "ಮಾಲಕರು ನಾಂದಿಗಿಂತ ಮುಂಚೆ ದಿನಾ ಇದ ಹಲಗಿ ಮ್ಯಾಲ ಕಾಯಿ ಒಡೀತಾರ್ರಿ. ಬ್ಯಾರೆ ಕಡೆ ಒಡದ್ರ ಮಂದಿಗೆ ಕಾಣಂಗಿಲ್ಲಂತ. ಹಳೇ ಲೈಟಿನಾಂವ ಬ್ಯಾಡಂದಿದ್ನಂತ. 'ದೇವರಿಗೇ ಅಡ್ಡ ಬರ್ತೀಯೇನಲೇ' ಅಂತ ಬೈದ್ರಂತ."

ಆ ಹಳೇ ಲೈಟಿನವನೇ ನನ್ನ ಅಪ್ಪ. ಅಂದೂ ಇದೇ ನೀರಿಗೆ ಜೋಡಣೆ ಕೆಟ್ಟು, ಇಶಾರೆ ಬಾರದೆ ಅವನು ದೀಪ ಏರಿಸಿರಲಿಲ್ಲ.

ತಂತಿಯನ್ನು ಜೋಡಿಸದೆ ಸಂಜೆ ಜನ ತುಂಬುವವರೆಗೆ ಕಾದೆ. ಆಮೇಲೆ ಕಿರೀಟ ತೊಟ್ಟ ಹಣಮಂತರಾಯರಿಗೆ ಆ ಹಸಿರು ತುಂಡನ್ನು ತೋರಿಸಿ, ನಾನು ಯಾರೆಂದು ಹೇಳಿದೆ.

"ಪರದೆ ಮುಂದ ಹೋಗಿ ಹೇಳ್ರಿ. ರೇವಣಪ್ಪ ಕುಡದಿರಲಿಲ್ಲ, ನಾ ಒಡದ ಕಾಯಿ ನೀರಿಗೆ ತಂತಿ ಕೆಟ್ಟಿತ್ತು ಅಂತ. ಆಮ್ಯಾಲೆ ಜೋಡಸ್ತೇನಿ."

"ಮಂದಿ ನಗ್ತಾರವ್ವಾ."

"ಆವತ್ತೂ ನಕ್ಕಿದ್ರು."

ಹೊರಗೆ ಸೀಟಿ ಶುರುವಾಗಿತ್ತು. ಅವರು ಹೋಗಿ ಮೆಲ್ಲಗೆ ಹೇಳಿದರು.

"ಕೇಳಸವಲ್ದು, ಜೋರಾಗಿ ಹೇಳ್ರಿ ಮಹಾರಾಜಾ!" ಹಿಂದಿನಿಂದ ಯಾರೋ ಕೂಗಿದರು.

ಮತ್ತೆ ಹೇಳಿದರು. ತಂಬಿನ ತುಂಬ ನಗು. ನನಗೆ ಸಮಾಧಾನವಾಗಲಿಲ್ಲ, ಇನ್ನೂ ಬೇಕೆನಿಸಿತು.

ಹೊಸ ತಂತಿ ಜೋಡಿಸಿ ಗುಂಡಿ ಒತ್ತಿಸಿದೆ. ಕೆಂಪು ಬಲ್ಬು ಹತ್ತಿತು.

"ಇನ್ನ ಮುಗೀತಲ್ರಿ?" ಅವರ ಮುಖದ ಬಣ್ಣ ಬೆವರಿಗೆ ಕರಗುತ್ತಿತ್ತು.

"ಆಳಂದದ್ದು ಮುಗೀತ್ರಿ. ಅಫಜಲಪುರದಾಗ ನಾಟಕ ಯಾವಾಗ? ಜೇವರ್ಗ್ಯಾಗ? ನಾನೂ ಬರ್ತೇನಿ. ಮುಂದಿನ ಸಾಲಿನ್ಯಾಗ ಕೂಡ್ತೇನಿ."